ಏನು ಕೆಲಸ ಮಾಡುತ್ತಿದ್ದಿರಿ? – ಪಾರ್ಕಿನ್ಸನ್ ಕಾಯಿಲೆ, ದುಡಿಮೆ ಮತ್ತು ದಾಖಲೆ



1700ರಲ್ಲಿ ಇಟಲಿಯ ಮೊಡೆನಾದಲ್ಲಿ ಬರ್ನಾರ್ಡಿನೊ ರಮಾಜಿನಿ ಎಂಬ ವೈದ್ಯರು ದುಡಿಯುವ ಜನರ ಕಾಯಿಲೆಗಳ ಮೇಲೆ ಒಂದು ಪುಸ್ತಕ ಪ್ರಕಟಿಸಿದರು. ಮನೆಯ ಮಲದ ಗುಂಡಿ ತೆಗೆಯಲು ಬಂದಿದ್ದ ಕೆಲಸಗಾರನೊಬ್ಬ ಅವಸರ ಅವಸರವಾಗಿ ಕೆಲಸ ಮುಗಿಸುತ್ತಿದ್ದುದನ್ನು ಕಂಡು, ಯಾಕಪ್ಪ ಇಷ್ಟು ಆತುರ ಎಂದು ಮಾತಾಡಿಸಿದ್ದೇ ಅವರಿಗೆ ಆ ಪುಸ್ತಕದ ದಾರಿ ತೋರಿಸಿತು. ಆ ಕೆಲಸದಲ್ಲಿ ಕಣ್ಣು ಹೋಗುತ್ತದೆ ಎಂಬುದು ಕೆಲಸಗಾರನಿಗೆ ಗೊತ್ತಿತ್ತು, ವೈದ್ಯರಿಗೆ ಗೊತ್ತಿರಲಿಲ್ಲ. ಹಿಪಾಕ್ರಟೀಸನ ಕಾಲದಿಂದ ರೋಗಿಯನ್ನು ಕೇಳುತ್ತ ಬಂದಿರುವ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿಕೊಳ್ಳಿ, ನಿಮ್ಮ ಕಸುಬು ಏನು ಎಂದು ಕೇಳಿ ಎಂದು ರಮಾಜಿನಿ ಬರೆದರು. ಮುನ್ನೂರು ವರ್ಷ ಕಳೆದಿವೆ. ನಮ್ಮ ಜಿಲ್ಲಾ ಆಸ್ಪತ್ರೆಗಳ ಕೇಸ್ ಶೀಟಿನಲ್ಲಿ ಆ ಪ್ರಶ್ನೆಗೆ ಒಂದು ಗೆರೆ ಇದೆ. ಅದರ ಮುಂದೆ ನಾವು ಬರೆಯುವುದು ‘ಕೂಲಿ’ ಅಥವಾ ‘ಬೇಸಾಯ’. ಹೆಂಗಸರಾದರೆ ‘ಗೃಹಿಣಿ’. ಅಲ್ಲಿಗೆ ಮುಗಿಯಿತು.

ಇಂದು ನಾನು ಹೇಳಬೇಕಾಗಿರುವುದು ಇಷ್ಟೇ. ಪಾರ್ಕಿನ್ಸನ್ ಕಾಯಿಲೆಯ ಒಂದು ಪಾಲು ದುಡಿಮೆಯ ಜಾಗದಿಂದ, ಕುಡಿಯುವ ನೀರಿನಿಂದ ಬರುತ್ತದೆ ಎಂಬುದಕ್ಕೆ ಕಳೆದ ನಲವತ್ತು ವರ್ಷಗಳಲ್ಲಿ ಗಟ್ಟಿಯಾದ ಆಧಾರಗಳು ಸಿಕ್ಕಿವೆ. ಆದರೆ ಅವು ಸಿಕ್ಕಿರುವುದೆಲ್ಲ ಯಾರು, ಎಲ್ಲಿ, ಯಾವ ರಾಸಾಯನಿಕವನ್ನು ಮುಟ್ಟಿದರು ಎಂಬ ಲೆಕ್ಕ ಇಟ್ಟ ಕಡೆಗಳಲ್ಲಿ. ಲೆಕ್ಕ ಇಡದ ಕಡೆ ಅದೇ ಕಾಯಿಲೆಯನ್ನು ‘ವಯಸ್ಸಾಯಿತಲ್ಲ’ ಎಂದು ಕೈಬಿಡುತ್ತಾರೆ.

ಕಾಯಿಲೆಯ ಪರಿಚಯವನ್ನು ಬೇಗ ಮುಗಿಸುತ್ತೇನೆ. ನಮ್ಮ ಮಿದುಳಿನ ಕಾಂಡದ ಮೇಲ್ಭಾಗದಲ್ಲಿ ಕಪ್ಪು ಬಣ್ಣದ ಚಿಕ್ಕದೊಂದು ಪಟ್ಟಿ ಇದೆ. ಅಲ್ಲಿಯ ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಅವು ಒಂದೊಂದಾಗಿ ಸಾಯುತ್ತ ಹೋದರೆ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡಿಗೆ ನಿಧಾನವಾಗುತ್ತದೆ, ಬರೆಯುವ ಅಕ್ಷರ ಸಣ್ಣದಾಗುತ್ತದೆ, ಮುಖದ ಮೇಲೆ ಭಾವ ಮೂಡುವುದಿಲ್ಲ. ಇವು ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಕೋಶಗಳು ಹೋಗಿರುತ್ತವೆ. ವಾಸನೆ ತಿಳಿಯದಿರುವುದು, ಹಳೆಯ ಮಲಬದ್ಧತೆ, ಕನಸಿನಲ್ಲಿ ಕೈಕಾಲು ಬಡಿಯುವುದು ಇವೆಲ್ಲ ನಡುಕಕ್ಕಿಂತ ಹತ್ತಿಪ್ಪತ್ತು ವರ್ಷ ಮೊದಲೇ ಶುರುವಾಗಿರಬಹುದು. ಈ ದೀರ್ಘ ಅಂತರವನ್ನು ದಯವಿಟ್ಟು ನೆನಪಿನಲ್ಲಿಡಿ. ಇವತ್ತಿನ ರೋಗಿ ಮುಟ್ಟಿದ ವಿಷ ಮೊನ್ನೆಯದಲ್ಲ, ಅವರ ಯೌವನದ್ದು.

ನಮ್ಮ ಆಯುರ್ವೇದ ಇದನ್ನು ಕಂಪವಾತ ಎಂದು ಗುರುತಿಸಿತ್ತು. ಅದಕ್ಕೆ ಕೊಡುತ್ತಿದ್ದ ನಸುಗುನ್ನಿ ಬೀಜದಲ್ಲಿ ಇಂದು ನಾವು ಮಾತ್ರೆಯಾಗಿ ಕೊಡುವ ಲೆವೊಡೋಪವೇ ಇದೆ. ಪಶ್ಚಿಮದಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಜನರನ್ನು ಗಮನಿಸಿ ಒಂದು ಚಿಕ್ಕ ಪ್ರಬಂಧ ಬರೆದರು. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡು ಮಾತಾಡಿಸಿದ್ದಷ್ಟೇ. ಆದರೂ ಅವರ ಕಸುಬು ದಾಖಲಾಗಿದೆ. ಮೊದಲನೆಯವರು ತೋಟಗಾರಿಕೆಯಲ್ಲಿ ದುಡಿದವರು. ಎರಡನೆಯವರು ಮ್ಯಾಜಿಸ್ಟ್ರೇಟರ ಕಚೇರಿಯ ಸಹಾಯಕ. ಮೂರನೆಯವರು ನಾವಿಕ, ಸ್ಪೇನಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಹಸಿ ನೆಲದ ಮೇಲೆ ಮಲಗಿದ್ದರಿಂದಲೇ ತನಗೆ ಹೀಗಾಯಿತು ಎಂದು ಆತ ನಂಬಿದ್ದ. ನಾವಿಕನ ಊಹೆ ಸರಿಯಲ್ಲದಿರಬಹುದು. ಆದರೆ ಆತ ಹೇಳಿದ್ದನ್ನು ಬರೆದಿಟ್ಟ ವೈದ್ಯರ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. ಇನ್ನೂರು ವರ್ಷಗಳ ಮೇಲೂ ನಾವು ಆ ವಿವರಗಳನ್ನು ಓದಿ ಯೋಚಿಸಬಹುದಾಗಿದೆ.

ಇಪ್ಪತ್ತು ವರ್ಷ ಕಳೆದು, 1837ರಲ್ಲಿ, ಗ್ಲಾಸ್ಗೊದ ಜಾನ್ ಕೂಪರ್ ಎಂಬ ವೈದ್ಯರು ಬಟ್ಟೆ ಬಿಳುಪು ಮಾಡುವ ಪುಡಿಯ ಕಾರ್ಖಾನೆಯಲ್ಲಿ ಮ್ಯಾಂಗನೀಸಿನ ಕಪ್ಪು ಅದಿರನ್ನು ಪುಡಿ ಮಾಡುತ್ತಿದ್ದ ಐವರು ಕೆಲಸಗಾರರ ಬಗ್ಗೆ ಬರೆದರು. ಕಾಲು ಸೋತು ಮುಂದಕ್ಕೆ ಮುಗ್ಗರಿಸುವ ನಡಿಗೆ, ಕ್ಷೀಣಿಸಿದ ದನಿ, ಜೊಲ್ಲು. ಆಮೇಲೆ ಮೊರಾಕ್ಕೊದ ಗಣಿಗಳಲ್ಲಿ, ಚಿಲಿಯ ಗಣಿಗಳಲ್ಲಿ ಅದೇ ಚಿತ್ರ ಕಂಡಿತು. ಇದು ಪಾರ್ಕಿನ್ಸನ್ ಕಾಯಿಲೆಯ ಹತ್ತಿರದ ನೆಂಟ, ಅದೇ ಅಲ್ಲ. ಮ್ಯಾಂಗನೀಸ್ ಮಿದುಳಿನ ಬೇರೆ ಗಂಟಿನಲ್ಲಿ ಹೆಚ್ಚಾಗಿ ಸೇರಿಕೊಳ್ಳುತ್ತದೆ, ಲೆವೊಡೋಪ ಕೊಟ್ಟರೆ ಅಷ್ಟಾಗಿ ಫಲ ಸಿಗುವುದಿಲ್ಲ. ಆದರೆ ವೆಲ್ಡಿಂಗ್ ಹೊಗೆಯಲ್ಲೂ ಮ್ಯಾಂಗನೀಸ್ ಇದೆ ಎಂಬುದನ್ನು ಇಲ್ಲಿರುವವರು ತಿಳಿದಿರಬೇಕು. ನಮ್ಮ ಸಂಡೂರಿನ ಬೆಟ್ಟಗಳಲ್ಲಿ, ನಾಗಪುರ–ಬಾಲಾಘಾಟದ ಕಡೆ ಈ ಅದಿರನ್ನು ತೆಗೆಯುತ್ತಾರೆ. ಮ್ಯಾಂಗನೀಸ್ ವಿಷವನ್ನು 1948ರ ಕಾರ್ಖಾನೆ ಕಾಯ್ದೆ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಯಲ್ಲೇ ಇಟ್ಟಿತ್ತು. ಬೀದಿಬದಿಯ ಗ್ಯಾರೇಜಿನಲ್ಲಿ ಮೂವತ್ತು ವರ್ಷ ಗ್ರಿಲ್ ಬೆಸೆದ ವೆಲ್ಡರ್‌ಗೆ ಈ ಪಟ್ಟಿಯ ರಕ್ಷಣೆ ಸಿಗಲಿಲ್ಲ, ಏಕೆಂದರೆ ಆ ಗ್ಯಾರೇಜು ಕಾಯ್ದೆಯ ಅರ್ಥದಲ್ಲಿ ಕಾರ್ಖಾನೆಯೇ ಆಗಿರಲಿಲ್ಲ.

ಇನ್ನು ಕಥೆಯ ನಡುಮಧ್ಯಕ್ಕೆ ಬರುತ್ತೇನೆ. 1982ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಆಸ್ಪತ್ರೆಗೆ ಮಾತಿಲ್ಲದ, ಮಿಸುಕಾಡದ ಒಬ್ಬ ವ್ಯಕ್ತಿಯನ್ನು ಕರೆತಂದರು. ಮೊದಲು ಅದನ್ನು ಮಾನಸಿಕ ಕಾಯಿಲೆ ಎಂದುಕೊಂಡರು. ಬೆರಳು ತುಸು ಆಡುತ್ತಿದ್ದುದನ್ನು ಗಮನಿಸಿ ಪೆನ್ಸಿಲ್ ಕೊಟ್ಟಾಗ ಆತ ಬಲು ನಿಧಾನವಾಗಿ ಬರೆದ. ಬುದ್ಧಿ ಪೂರ್ತಿ ಎಚ್ಚರವಾಗಿತ್ತು, ಮೈ ಮಾತ್ರ ಕಲ್ಲಾಗಿತ್ತು. ನರರೋಗ ತಜ್ಞ ವಿಲಿಯಂ ಲಾಂಗ್‌ಸ್ಟನ್ ವಿಚಾರಿಸುತ್ತ ಹೋದಂತೆ ಆ ಸುತ್ತಿನಲ್ಲಿ ಇಂಥವರು ಇನ್ನೂ ಕೆಲವರು ಸಿಕ್ಕರು. ಎಲ್ಲರೂ ಒಂದೇ ಬಗೆಯ ಕಳ್ಳ ಮಾದಕವಸ್ತುವನ್ನು ಚುಚ್ಚಿಕೊಂಡಿದ್ದವರು. ಅದರಲ್ಲಿ ತಯಾರಿಕೆಯ ತಪ್ಪಿನಿಂದ ಎಂಪಿಟಿಪಿ ಎಂಬ ಕಲಬೆರಕೆ ಸೇರಿಕೊಂಡಿತ್ತು. 1983ರಲ್ಲಿ ಈ ವರದಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಾಗ ನರವಿಜ್ಞಾನದ ಲೋಕವೇ ಬೆಚ್ಚಿತು. ಹೊರಗಿನಿಂದ ಬಂದ ಒಂದು ಸಣ್ಣ ಅಣು, ಪ್ರಾಯದವರಲ್ಲಿ, ಕೆಲವೇ ದಿನಗಳಲ್ಲಿ, ಕಪ್ಪು ಪಟ್ಟಿಯ ಕೋಶಗಳನ್ನಷ್ಟೇ ಆರಿಸಿ ಕೊಲ್ಲಬಲ್ಲದು! ಲೆವೊಡೋಪ ಕೊಟ್ಟಾಗ ಅವರು ಚಲಿಸಿದರು. ಪಾರ್ಕಿನ್ಸನ್ ರೋಗಿಗಳು ಚಲಿಸುವ ಹಾಗೆಯೇ.

ಅದು ಹೇಗಾಯಿತು ಎಂಬುದು ಮುಖ್ಯ. ಎಂಪಿಟಿಪಿ ಮಿದುಳಿಗೆ ಸುಲಭವಾಗಿ ನುಗ್ಗುತ್ತದೆ. ಅಲ್ಲಿಯ ಒಂದು ಕಿಣ್ವ ಅದನ್ನು ಎಂಪಿಪಿ+ ಎಂಬ ಬೇರೆ ರೂಪಕ್ಕೆ ತಿರುಗಿಸುತ್ತದೆ. ಡೋಪಮೈನನ್ನು ಮರಳಿ ಒಳಗೆ ಎಳೆದುಕೊಳ್ಳಲು ಆ ಕೋಶಗಳಲ್ಲಿರುವ ಬಾಗಿಲಿನಿಂದಲೇ ಇದೂ ಒಳಹೋಗುತ್ತದೆ. ಹೋಗಿ ಮೈಟೊಕಾಂಡ್ರಿಯದಲ್ಲಿ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಜಾಗದಲ್ಲಿ, ಮೊದಲನೆಯ ಹಂತವನ್ನೇ ತಡೆಯುತ್ತದೆ. ಈ ಕೋಶಗಳ ಕಷ್ಟ ವಿಶೇಷವಾದದ್ದು. ಒಂದೊಂದರ ತಂತು ಕವಲೊಡೆದು ಲಕ್ಷಗಟ್ಟಲೆ ಸಂಪರ್ಕಗಳನ್ನು ಸಾಕಬೇಕು. ಸಣ್ಣದೊಂದು ಮೋಟಾರಿನಿಂದ ಊರಿನ ಅಷ್ಟೂ ಗದ್ದೆಗೆ ನೀರು ಕೊಡಬೇಕಾದ ಸ್ಥಿತಿ ಅವುಗಳದು. ಶಕ್ತಿ ತುಸು ಕುಂದಿದರೂ ಮೊದಲು ಬೀಳುವುದು ಅವೇ.

ಎಂಪಿಪಿ+ ರಚನೆಯನ್ನು ಕಾಗದದ ಮೇಲೆ ಬರೆದಾಗ ರಸಾಯನಶಾಸ್ತ್ರ ಬಲ್ಲವರಿಗೆ ತಟ್ಟನೆ ನೆನಪಾದದ್ದು ಒಂದು ಕಳೆನಾಶಕ, ಪ್ಯಾರಾಕ್ವಾಟ್. 1962ರಿಂದ ಮಾರಾಟದಲ್ಲಿತ್ತು. ಎರಡೂ ಅಣುಗಳು ಹೆಚ್ಚುಕಡಿಮೆ ಅಣ್ಣತಮ್ಮಂದಿರಂತಿವೆ, ಆದರೆ ಕೊಲ್ಲುವ ಬಗೆ ಒಂದೇ ಅಲ್ಲ. ಪ್ಯಾರಾಕ್ವಾಟ್ ಮುಖ್ಯವಾಗಿ ಕೋಶದೊಳಗೆ ಉತ್ಕರ್ಷಣದ ಉರಿಯನ್ನು ಹಚ್ಚುತ್ತದೆ. ಎಂಪಿಪಿ+ ಮಾಡುವ ಕೆಲಸವನ್ನೇ ಮಾಡುವ ಕೀಟನಾಶಕ ಇನ್ನೊಂದು, ರೋಟೆನೋನ್. ಉಷ್ಣವಲಯದ ಬಳ್ಳಿಗಳ ಬೇರಿನಿಂದ ಬರುವ, ಮೀನು ಹಿಡಿಯಲು ಜನ ತಲೆಮಾರುಗಳಿಂದ ನೀರಿಗೆ ಕದಡುತ್ತಿದ್ದ ವಸ್ತು ಅದು. ಗಿಡದಿಂದ ಬಂದದ್ದು ಎಂಬ ಕಾರಣಕ್ಕೆ ಸಾವಯವ ಬೇಸಾಯದಲ್ಲೂ ಬಹುಕಾಲ ಬಳಸಿದರು. 2000ದಲ್ಲಿ ಟಿಮೊತಿ ಗ್ರೀನಮೈರ್ ಮತ್ತು ಸಂಗಡಿಗರು ಇಲಿಗಳಿಗೆ ಇದನ್ನು ವಾರಗಟ್ಟಲೆ ಕೊಟ್ಟು, ಕಪ್ಪು ಪಟ್ಟಿಯ ಕೋಶಗಳು ಸಾಯುವುದನ್ನೂ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಕಾಣುವಂಥ ಗಂಟುಗಳು ಕಟ್ಟುವುದನ್ನೂ ತೋರಿಸಿದರು. ಗಿಡಮೂಲದ್ದೆಲ್ಲ ನಿರಪಾಯ ಎಂದು ನಂಬುವ ಸ್ನೇಹಿತರು ಇದನ್ನು ಗಮನಿಸಬೇಕೆಂದು ಪ್ರೀತಿಯಿಂದ ಕೇಳಿಕೊಳ್ಳುತ್ತೇನೆ.

ಇಲಿಗಳ ಮಾತಾಯಿತು, ಮನುಷ್ಯರಲ್ಲಿ? ಇಲ್ಲಿಂದ ದಾಖಲೆಯ ಕಥೆ ಶುರುವಾಗುತ್ತದೆ. ಅಮೆರಿಕದಲ್ಲಿ ಪ್ಯಾರಾಕ್ವಾಟನ್ನು ಯಾರೂ ಅಂಗಡಿಗೆ ಹೋಗಿ ಸುಮ್ಮನೆ ತರುವಂತಿಲ್ಲ, ಹೊಡೆಯುವವರಿಗೆ ಪರವಾನಗಿ ಬೇಕು. 1993ರಿಂದ ಅಯೋವ ಮತ್ತು ಉತ್ತರ ಕ್ಯಾರೊಲಿನ ರಾಜ್ಯಗಳಲ್ಲಿ ಪರವಾನಗಿಗೆ ಬಂದ ರೈತರನ್ನೂ ಅವರ ಸಂಗಾತಿಗಳನ್ನೂ ಸೇರಿಸಿ ಸುಮಾರು 89,000 ಜನರ ಸಮೂಹವನ್ನು ಕಟ್ಟಿಕೊಂಡರು. ಯಾವ ಔಷಧಿ, ವರ್ಷಕ್ಕೆ ಎಷ್ಟು ದಿನ, ಕೈಗೆ ಏನು ಹಾಕಿಕೊಳ್ಳುತ್ತೀರಿ ಎಲ್ಲವನ್ನೂ ಬರೆಸಿಕೊಂಡರು. ಆ ಸಮೂಹದೊಳಗೆ ಪಾರ್ಕಿನ್ಸನ್ ಬಂದ 110 ಜನರನ್ನೂ ಬಾರದ 358 ಜನರನ್ನೂ ಕ್ಯಾರೊಲಿನ್ ಟ್ಯಾನರ್ ಮತ್ತು ಸಂಗಡಿಗರು ಹೋಲಿಸಿ 2011ರಲ್ಲಿ ಪ್ರಕಟಿಸಿದರು. ಪ್ಯಾರಾಕ್ವಾಟ್ ಅಥವಾ ರೋಟೆನೋನ್ ಬಳಸಿದವರಲ್ಲಿ ಕಾಯಿಲೆಯ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು.

ಕ್ಯಾಲಿಫೋರ್ನಿಯಾದ ನಡುಕಣಿವೆಯಲ್ಲಿ ಇನ್ನೊಂದು ಬಗೆಯ ದಾಖಲೆ ಇತ್ತು. ಯಾವ ಹೊಲಕ್ಕೆ, ಯಾವ ದಿನ, ಯಾವ ಕೀಟನಾಶಕ, ಎಷ್ಟು ಪ್ರಮಾಣದಲ್ಲಿ ಹೊಡೆದರು ಎಂದು ಸರ್ಕಾರಕ್ಕೆ ತಿಳಿಸುವುದು ಆ ರಾಜ್ಯದಲ್ಲಿ ಕಡ್ಡಾಯ. ಅಪಾಯಕಾರಿ ಔಷಧಿಗಳಿಗೆ 1970ರ ದಶಕದಿಂದ, ಬೇಸಾಯದಲ್ಲಿ ಬಳಸುವ ಎಲ್ಲವಕ್ಕೂ 1990ರಿಂದ. ಬಿಯಾಟೆ ರಿಟ್ಸ್ ಅವರ ತಂಡ ಈ ವರದಿಗಳನ್ನು ಭೂಪಟದ ಮೇಲೆ ಹರಡಿ, ಅದರ ಮೇಲೆ ರೋಗಿಗಳ ಮನೆಗಳನ್ನು ಗುರುತಿಸಿತು. ಮನೆಯಿಂದ 500 ಮೀಟರಿನೊಳಗೆ ಪ್ಯಾರಾಕ್ವಾಟ್ ಮತ್ತು ಮ್ಯಾನೆಬ್ ಎಂಬ ಶಿಲೀಂಧ್ರನಾಶಕ ಎರಡನ್ನೂ ಹೊಡೆದಿದ್ದಲ್ಲಿ ಕಾಯಿಲೆಯ ಸಂಭವ ಶೇ. 75ರಷ್ಟು ಹೆಚ್ಚು ಎಂದು 2009ರಲ್ಲಿ ವರದಿ ಬಂತು. ಈ ಜನರಲ್ಲಿ ಎಷ್ಟೋ ಮಂದಿ ಪಂಪನ್ನೇ ಮುಟ್ಟಿದವರಲ್ಲ, ಪಕ್ಕದಲ್ಲಿ ವಾಸವಿದ್ದವರು, ಅಷ್ಟೆ. ಹೊಲದ ಪಕ್ಕದ ಸ್ವಂತ ಬಾವಿಯ ನೀರು ಕುಡಿದವರ ಬಗ್ಗೆಯೂ ಅದೇ ತಂಡ ಎಚ್ಚರಿಸಿತು. ಹವಾಯಿ ದ್ವೀಪಗಳಲ್ಲಿ ಅನಾನಸಿನ ಗರಿಗಳನ್ನು ಮೇವಾಗಿ ತಿಂದ ಹಸುಗಳ ಹಾಲಿನಲ್ಲಿ 1980ರ ಸುಮಾರಿಗೆ ಹೆಪ್ಟಾಕ್ಲೋರ್ ಸಿಕ್ಕಿತ್ತು. ದಶಕಗಳ ನಂತರ, ಹಾಲು ಹೆಚ್ಚು ಕುಡಿಯುತ್ತಿದ್ದ, ಸಿಗರೇಟು ಸೇದದ ಗಂಡಸರ ಮಿದುಳನ್ನು ಮರಣಾನಂತರ ಪರೀಕ್ಷಿಸಿದಾಗ ಕಪ್ಪು ಪಟ್ಟಿಯ ಕೋಶಗಳು ಕಡಿಮೆ ಇದ್ದವು. ಹಾಲಿನ ಬಗ್ಗೆ ಹೆದರಬೇಕಿಲ್ಲ. ವಿಷ ಹೊಲದ ಬೇಲಿಯೊಳಗೇ ಉಳಿಯುವುದಿಲ್ಲ ಎಂಬುದಕ್ಕಾಗಿ ಹೇಳಿದೆ.

ವೈದ್ಯನಾಗಿ ನಾನು ಒಂದು ಬದಿಯ ಮಾತನ್ನಷ್ಟೇ ಹೇಳುವಂತಿಲ್ಲ. ಪ್ಯಾರಾಕ್ವಾಟ್ ತಯಾರಿಸುವ ಕಂಪನಿ ಅದೇ ಕಾರಣ ಎಂಬುದನ್ನು ಒಪ್ಪುವುದಿಲ್ಲ, ಅಮೆರಿಕದ ನ್ಯಾಯಾಲಯಗಳಲ್ಲಿ ಸಾವಿರಾರು ದಾವೆಗಳು ಹೂಡಲ್ಪಟ್ಟಿವೆ. ಅದೇ ಅಯೋವ–ಉತ್ತರ ಕ್ಯಾರೊಲಿನ ಸಮೂಹವನ್ನು 2020ರಲ್ಲಿ ಮತ್ತೆ ನೋಡಿದಾಗ ಒಟ್ಟು ಗುಂಪಿನಲ್ಲಿ ಪ್ಯಾರಾಕ್ವಾಟಿನ ನಂಟು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ; ಹಿಂದೆ ತಲೆಗೆ ಪೆಟ್ಟು ಬಿದ್ದಿದ್ದವರಲ್ಲಿ ಕಂಡಿತು. ಇದರಿಂದ ವಿಷಯ ಸುಳ್ಳಾಯಿತೆಂದು ನಾನು ಭಾವಿಸುವುದಿಲ್ಲ. ಒಂದೇ ಏಟಿಗೆ ಬೀಳದ ಕೋಶ ಎರಡನೆಯ ಏಟಿಗೆ ಬೀಳುತ್ತದೆ ಎಂಬ ತಿಳಿವಳಿಕೆಯತ್ತ ಅದು ಕೈತೋರುತ್ತದೆ. ವಯಸ್ಸು, ವಂಶವಾಹಿ, ತಲೆಯ ಪೆಟ್ಟು, ವಿಷ ಇವು ಕೂಡಿ ಕೆಲಸ ಮಾಡುತ್ತವೆ.

ವಂಶವಾಹಿಯ ಮಾತು ಬಂತು. 1997ರಲ್ಲಿ ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷ ಸಿಕ್ಕ ಮೇಲೆ, ಇದು ರಕ್ತದಲ್ಲೇ ಬರುವ ಕಾಯಿಲೆ ಎಂದು ಅನೇಕರು ತೀರ್ಮಾನಿಸಿಬಿಟ್ಟರು. ಎರಡೇ ವರ್ಷದಲ್ಲಿ, ಎರಡನೇ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ಅವಳಿಗಳ ಅಧ್ಯಯನ ಹೊರಬಂತು. ಸುಮಾರು 20,000 ಅವಳಿ ಗಂಡಸರು. ಐವತ್ತು ದಾಟಿದ ಮೇಲೆ ಕಾಯಿಲೆ ಬಂದವರಲ್ಲಿ, ಜೋಡಿಯ ಇಬ್ಬರಿಗೂ ಕಾಯಿಲೆ ಬರುವ ಪ್ರಮಾಣದಲ್ಲಿ ತದ್ರೂಪಿ ಅವಳಿಗಳಿಗೂ ಬೇರೆ ಅವಳಿಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ರಕ್ತವೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಹಾಗಾಗಬಾರದು. ಎಳೆಯ ವಯಸ್ಸಿನಲ್ಲಿ ಬಂದರೆ ಮಾತ್ರ ವಂಶವಾಹಿಯ ಪಾಲು ಹೆಚ್ಚು. ಕಾಫಿ ಕುಡಿಯುವವರಲ್ಲೂ ಸಿಗರೇಟು ಸೇದುವವರಲ್ಲೂ ಪಾರ್ಕಿನ್ಸನ್ ಕಡಿಮೆ ಕಾಣುತ್ತದೆ ಎಂಬುದು ನಿಜ. ಕಾಫಿ ಕುಡಿಯಿರಿ, ಸಿಗರೇಟಿನ ಹತ್ತಿರವೂ ಸುಳಿಯಬೇಡಿ.

ಈಗ ನೀರಿನ ಕಥೆ. ಉತ್ತರ ಕ್ಯಾರೊಲಿನದ ಕ್ಯಾಂಪ್ ಲೆಜೂನ್ ಅಮೆರಿಕದ ನೌಕಾ ಪದಾತಿ ದಳದ ದೊಡ್ಡ ಶಿಬಿರ. 1950ರ ದಶಕದಿಂದ 1980ರ ದಶಕದವರೆಗೆ ಅಲ್ಲಿಯ ಕುಡಿಯುವ ನೀರಿನಲ್ಲಿ ಟ್ರೈಕ್ಲೋರೋಎಥಿಲೀನ್ ಸೇರಿಕೊಂಡಿತ್ತು. ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯಲು, ಬಟ್ಟೆಯ ಡ್ರೈ ಕ್ಲೀನಿಂಗಿಗೆ ಬಳಸುತ್ತಿದ್ದ ದ್ರಾವಕ ಅದು. 1970ರ ದಶಕದವರೆಗೆ ಕಾಫಿಯಿಂದ ಕೆಫೀನ್ ತೆಗೆಯಲೂ ಇದನ್ನೇ ಬಳಸುತ್ತಿದ್ದರು. ನೆಲದೊಳಗಿನ ಟ್ಯಾಂಕುಗಳ ಸೋರಿಕೆ, ವರ್ಕ್‌ಶಾಪಿನ ಕೊಳೆ ಎಲ್ಲ ಇಳಿದು ಬಾವಿಗೆ ಸೇರಿತ್ತು. ಒಂದು ಹಂತದಲ್ಲಿ ಅದರ ಪ್ರಮಾಣ ಮಿತಿಗಿಂತ 70 ಪಟ್ಟು ಮೀರಿತ್ತು. ಅಲ್ಲಿದ್ದ ಹುಡುಗರಿಗೆ ಇಪ್ಪತ್ತರ ಆಸುಪಾಸಿನ ಪ್ರಾಯ, ಇದ್ದದ್ದು ಸರಾಸರಿ ಎರಡು ವರ್ಷ.

ಸೈನ್ಯದ ಬಳಿ ಯಾರು ಯಾವ ಶಿಬಿರದಲ್ಲಿ ಎಂದಿನಿಂದ ಎಂದಿನವರೆಗೆ ಇದ್ದರು ಎಂಬ ಪಟ್ಟಿ ಇದೆ. ನಿವೃತ್ತರ ಚಿಕಿತ್ಸೆಯ ದಾಖಲೆಯೂ ಇದೆ. ಸ್ಯಾಮುಯೆಲ್ ಗೋಲ್ಡ್‌ಮನ್ ಮತ್ತು ಸಂಗಡಿಗರು 1975ರಿಂದ 1985ರ ನಡುವೆ ಕ್ಯಾಂಪ್ ಲೆಜೂನ್‌ನಲ್ಲಿ ಇದ್ದವರನ್ನೂ, ನೀರು ಶುದ್ಧವಿದ್ದ ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್ಟನ್‌ನಲ್ಲಿ ಇದ್ದವರನ್ನೂ, ಒಟ್ಟು 3,40,489 ಜನರನ್ನು, ಹೋಲಿಕೆಗೆ ತೆಗೆದುಕೊಂಡರು. 2023ರಲ್ಲಿ ಫಲ ಬಂತು: ಲೆಜೂನ್‌ನಲ್ಲಿ ಇದ್ದವರಿಗೆ ಪಾರ್ಕಿನ್ಸನ್ ಬರುವ ಸಂಭವ ಶೇ. 70ರಷ್ಟು ಹೆಚ್ಚು. ಇಪ್ಪತ್ತರಲ್ಲಿ ಕುಡಿದ ನೀರು ಐವತ್ತು ದಾಟಿದ ಮೇಲೆ ಕೈ ನಡುಗಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಡಿಸೆಂಬರಿನಲ್ಲಿ ಈ ದ್ರಾವಕದ ನಿಷೇಧದ ನಿಯಮವನ್ನು ಹೊರಡಿಸಿತು. ಗೋಲ್ಡ್‌ಮನ್ ತಂಡದ ಅಧ್ಯಯನ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದರಿಂದ ಸಾಧ್ಯವಾದ ಕೆಲಸ. ಆ ಹುಡುಗರಲ್ಲಿ ಯಾರೊಬ್ಬರನ್ನು ಕೇಳಿದ್ದರೂ ‘ನಾನೇನು ವಿಷ ಕುಡಿಯಲಿಲ್ಲ’ ಎಂದೇ ಹೇಳುತ್ತಿದ್ದರು. ನಮ್ಮಲ್ಲಿ ಪೀಣ್ಯದಂಥ ಕಡೆ ಲೋಹದ ಬಿಡಿಭಾಗ ತೊಳೆಯುವ ಕೆಲಸಗಾರರನ್ನು ಯಾವುದರಲ್ಲಿ ತೊಳೆಯುತ್ತೀರಿ ಎಂದು ಕೇಳಿ ನೋಡಿ. ‘ಕೆಮಿಕಲ್’ ಎನ್ನುತ್ತಾರೆ. ಡ್ರಮ್ಮಿನ ಮೇಲಿನ ಹೆಸರು ಅವರಿಗೆ ಯಾರೂ ಓದಿ ಹೇಳಿಲ್ಲ.

ಇನ್ನು ನಮ್ಮ ತೋಟಗಳಿಗೆ ಬರೋಣ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಗ್ರಾಮೊಕ್ಸೋನ್ ಎಂಬ ಹೆಸರು ಗೊತ್ತಿಲ್ಲದ ಮೇಸ್ತ್ರಿ ಇಲ್ಲ. ಅದೇ ಪ್ಯಾರಾಕ್ವಾಟ್. ಸ್ವೀಡನ್ 1983ರಲ್ಲಿ, ಸ್ವಿಟ್ಜರ್‌ಲೆಂಡ್ 1989ರಲ್ಲಿ ಇದನ್ನು ಕೈಬಿಟ್ಟವು. ಐರೋಪ್ಯ ಒಕ್ಕೂಟದಲ್ಲಿ 2007ರಲ್ಲಿ, ಬ್ರೆಜಿಲ್ ಮತ್ತು ಥಾಯ್ಲೆಂಡಿನಲ್ಲಿ 2020ರಲ್ಲಿ ನಿಂತಿತು. ಪಕ್ಕದ ಕೇರಳ 2011ರಲ್ಲೇ ನಿಲ್ಲಿಸಿತು. ನಮ್ಮ ತುರ್ತುಚಿಕಿತ್ಸಾ ಘಟಕಗಳ ವೈದ್ಯರಿಗೆ ಇದರ ಇನ್ನೊಂದು ಮುಖ ಚೆನ್ನಾಗಿ ಗೊತ್ತು. ಹೊಟ್ಟೆಗೆ ಹೋದರೆ ಇದಕ್ಕೆ ಪ್ರತಿವಿಷವೇ ಇಲ್ಲ, ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವುದನ್ನು ನೋಡುತ್ತ ನಿಲ್ಲಬೇಕು. ಅದೊಂದೇ ಕಾರಣಕ್ಕೆ ಇದು ನಮ್ಮ ಅಂಗಡಿಗಳಿಂದ ಹೋಗಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಪಾರ್ಕಿನ್ಸನ್ ಇನ್ನೊಂದು ಕಾರಣ.

ಕಳೆ ಔಷಧಿ ಹೊಡೆಯುವವರನ್ನು ನೀವೆಲ್ಲ ನೋಡಿದ್ದೀರಿ. ಬೆನ್ನಿಗೆ ಹದಿನಾರು ಲೀಟರಿನ ಪಂಪು, ಮುಚ್ಚಳದಿಂದ ತೊಟ್ಟಿಕ್ಕುವ ದ್ರಾವಣದಿಂದ ಒದ್ದೆಯಾದ ಅಂಗಿ, ಮೊಣಕಾಲಿಗೆ ಮಡಚಿದ ಲುಂಗಿ, ಬರಿಗಾಲು. ನಾಜಲ್ ಕಟ್ಟಿಕೊಂಡರೆ ಬಾಯಲ್ಲಿ ಊದುತ್ತಾರೆ. ಬಕೆಟಿನಲ್ಲಿ ಔಷಧಿ ಬೆರೆಸಿ ಕೊಡುವವರು ಬಹಳ ಕಡೆ ಹೆಂಗಸರು, ಸಂಜೆ ಆ ಅಂಗಿಯನ್ನು ಒಗೆಯುವವರೂ ಅವರೇ. ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ, ಹಾವೇರಿ–ಧಾರವಾಡದ ಹತ್ತಿ ಹೊಲಗಳಲ್ಲಿ ‘ಎಣ್ಣೆ ಹೊಡೆಯುವ’ ಕೆಲಸ ಹಂಗಾಮಿನಲ್ಲಿ ಎಷ್ಟು ಸಲ ನಡೆಯುತ್ತದೆಂದು ಅಲ್ಲಿಯ ರೈತರನ್ನು ಕೇಳಿ. ಅಂಗಡಿಯವರು ಎರಡು ಮೂರು ಬಾಟಲಿ ಕೊಟ್ಟು ಕೂಡಿಸಿ ಹೊಡೆಯಿರಿ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದ ಅಧ್ಯಯನಗಳು ಭಯಪಟ್ಟದ್ದು ಈ ಕೂಡಿಕೆಗೇ.

ನಮ್ಮಲ್ಲಿ ಅಧ್ಯಯನದ ಪರಂಪರೆ ಇಲ್ಲವೆಂದಲ್ಲ. ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಮತ್ತು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 1,02,557 ಜನರನ್ನು ಸಮೀಕ್ಷೆ ಮಾಡಿದರು. 2004ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ನರರೋಗಗಳೆಲ್ಲ ಸೇರಿ ಹಳ್ಳಿಯಲ್ಲಿ ನಗರದ ಸುಮಾರು ಎರಡು ಪಟ್ಟು. ಅಪಸ್ಮಾರ, ತಲೆನೋವು, ಪಾರ್ಶ್ವವಾಯು ಎಲ್ಲ ಕೂಡಿದ ಲೆಕ್ಕ ಅದು, ಪಾರ್ಕಿನ್ಸನ್ ಒಂದರದ್ದಲ್ಲ. ಆದರೆ ಹಳ್ಳಿಯ ನರ ಹೆಚ್ಚು ನೋಯುತ್ತಿದೆ ಎಂದು ಮನೆಬಾಗಿಲಿಗೇ ಹೋಗಿ ತಿಳಿದ ಅಂಥ ಕೆಲಸ ನಮ್ಮ ನಾಡಿನಲ್ಲಿ ನಡೆದಿದೆ ಎಂಬುದು ನನಗೆ ದೊಡ್ಡ ಧೈರ್ಯ. ಆ ಧಾಟಿಯ ಸಮೀಕ್ಷೆಯೊಂದಕ್ಕೆ ದುಡಿಮೆಯ ಪ್ರಶ್ನಾವಳಿಯನ್ನು ಸೇರಿಸಿಕೊಂಡು ಹೊರಡಬಲ್ಲ ತರುಣರು ಈ ಸಭೆಯಲ್ಲೇ ಇದ್ದಾರೆ.

ಜಗತ್ತಿನಲ್ಲಿ 2019ರ ಹೊತ್ತಿಗೆ ಪಾರ್ಕಿನ್ಸನ್ ಇರುವವರು 85 ಲಕ್ಷ ದಾಟಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಪ್ಪತ್ತೈದು ವರ್ಷಗಳಲ್ಲಿ ಎರಡು ಪಟ್ಟು. ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ ಎಂಬುದು ದೊಡ್ಡ ಕಾರಣ. ಆದರೆ ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ಲೆಕ್ಕ ಹಾಕಿದರೂ 1990ರಿಂದ 2016ರ ನಡುವೆ ಶೇ. 20ಕ್ಕೂ ಹೆಚ್ಚು ಏರಿಕೆ ಉಳಿಯುತ್ತದೆ. ರೋಗ ಗುರುತಿಸುವುದು ಸುಧಾರಿಸಿದೆ ಎಂದು ಒಂದಿಷ್ಟನ್ನು ಕಳೆಯಿರಿ. ಉಳಿದದ್ದಕ್ಕೆ ಉತ್ತರ ಬೇಕು.

ಫ್ರಾನ್ಸ್ 2012ರಲ್ಲಿ ಒಂದು ಆದೇಶ ಹೊರಡಿಸಿ, ಕೀಟನಾಶಕಗಳನ್ನು ವರ್ಷಗಟ್ಟಲೆ ಬಳಸಿದ ಕೃಷಿಕರಿಗೆ ಬಂದ ಪಾರ್ಕಿನ್ಸನ್ ಕಾಯಿಲೆಯನ್ನು ವೃತ್ತಿಜನ್ಯ ಕಾಯಿಲೆ ಎಂದು ಅಂಗೀಕರಿಸಿತು. ಜರ್ಮನಿಯ ತಜ್ಞರ ಸಮಿತಿ ಕೂಡ ಈಚೆಗೆ ಅದೇ ಶಿಫಾರಸು ಮಾಡಿದೆ. ಒಬ್ಬೊಬ್ಬ ರೈತನೂ ನ್ಯಾಯಾಲಯದಲ್ಲಿ ನಿಂತು ನನ್ನ ಕಾಯಿಲೆಗೆ ಇದೇ ಕಾರಣ ಎಂದು ಸಾಬೀತು ಮಾಡಬೇಕಿಲ್ಲ, ಮಾಡಲೂ ಆಗುವುದಿಲ್ಲ. ಕೆಲಸದ ದಾಖಲೆ ಸಾಕು. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಾರ್ಕಿನ್ಸನ್ ಕಾಯಿಲೆಯನ್ನು ಅಂಗವೈಕಲ್ಯಗಳ ಪಟ್ಟಿಯಲ್ಲಿ ಹೆಸರಿಸಿದೆ. ಈ ಸೌಲಭ್ಯ ಎಷ್ಟೋ ಕುಟುಂಬಗಳಿಗೆ ಗೊತ್ತಿಲ್ಲ, ದಯವಿಟ್ಟು ತಿಳಿಸಿ. ಆದರೆ ದುಡಿಮೆಯಿಂದ ಬಂದ ಕಾಯಿಲೆ ಎಂದು ಪರಿಹಾರ ಕೇಳುವ ದಾರಿ ತೋಟದ ಕೂಲಿಗೆ ಇಲ್ಲ. 1971ರ ಕೀಟನಾಶಕ ನಿಯಮಗಳಲ್ಲಿ ಸಿಂಪಡಿಸುವವರ ವೈದ್ಯಕೀಯ ತಪಾಸಣೆಯ ಮಾತೂ ರಕ್ಷಣಾ ಉಡುಪಿನ ಮಾತೂ ಇವೆ. ನನ್ನ ಹೊರರೋಗಿ ವಿಭಾಗಕ್ಕೆ ಅಂಥ ತಪಾಸಣೆಯ ಚೀಟಿ ಹಿಡಿದು ಬಂದವರನ್ನು ನಾನು ಕಂಡಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಡುಕ ಎಂದು ಬಂದವರನ್ನು ‘ಏನು ಕೆಲಸ’ ಎಂದಷ್ಟೇ ಕೇಳಬೇಡಿ. ‘ಯಜಮಾನರೇ, ಪ್ರಾಯದಲ್ಲಿ ಯಾವ ತೋಟದಲ್ಲಿದ್ದಿರಿ, ಪಂಪು ಹೊರುತ್ತಿದ್ದಿರಾ, ಯಾವ ಬಣ್ಣದ ಡಬ್ಬ, ಎಷ್ಟು ವರ್ಷ, ಮನೆಗೆ ನೀರು ಎಲ್ಲಿಂದ’ ಎಂದು ಕೇಳಿ. ‘ಅಮ್ಮಾ, ಔಷಧಿ ಬೆರೆಸಿಕೊಡುವವರು ಯಾರು, ಆ ಬಟ್ಟೆ ಒಗೆಯುವವರು ಯಾರು’ ಎಂದು ಕೇಳಿ. ವೆಲ್ಡಿಂಗ್, ಪೇಂಟಿಂಗ್, ಗಣಿ, ಡ್ರೈ ಕ್ಲೀನಿಂಗ್, ತಲೆಗೆ ಬಿದ್ದ ಪೆಟ್ಟು ಎಲ್ಲವನ್ನೂ ಕೇಳಿ ಬರೆಯಿರಿ. ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಇದರಿಂದ ಅವರ ಔಷಧಿ ಬದಲಾಗದಿರಬಹುದು, ಆದರೆ ಅದೇ ತೋಟದಲ್ಲಿ ಈಗ ಪಂಪು ಹೊತ್ತಿರುವ ಮಗನ ವಿಷಯ ಮಾತಾಡಲು ಬಾಗಿಲು ತೆರೆಯುತ್ತದೆ.

ತೋಟದ ಮಾಲೀಕರಿಗೆ, ರೈತ ಬಂಧುಗಳಿಗೆ ಇನ್ನೊಂದು. ಅಯೋವ ಸಮೂಹದಲ್ಲೇ 2015ರಲ್ಲಿ ಪ್ರಕಟವಾದ ಒಂದು ವಿವರ ನನ್ನ ಮನಸ್ಸಿಗೆ ಬಹಳ ತಟ್ಟಿದೆ. ಕೈಗವಸು ಹಾಕಿಕೊಳ್ಳುವ ರೂಢಿ ಇದ್ದವರಲ್ಲಿ ಪ್ಯಾರಾಕ್ವಾಟಿಗೂ ಪಾರ್ಕಿನ್ಸನ್‌ಗೂ ನಂಟು ಕಾಣಲಿಲ್ಲ. ಇಲ್ಲದವರಲ್ಲಿ ಎದ್ದು ಕಂಡಿತು. ಬಟ್ಟೆಯ ಕೈಗವಸು ಸಾಲದು, ದ್ರಾವಣ ಒಳಗೆ ಇಳಿಯದ ರಬ್ಬರಿನದ್ದು ಬೇಕು. ನಮ್ಮ ಸೆಕೆಯಲ್ಲಿ ಮೈತುಂಬ ಪ್ಲಾಸ್ಟಿಕ್ ಉಡುಪು ಹಾಕಿಕೊಂಡು ದಿನವಿಡೀ ಕೆಲಸ ಮಾಡಲಾಗದು ಎಂದು ಕಾರ್ಮಿಕರು ಹೇಳುವುದು ನ್ಯಾಯವೇ. ಹಾಗಾಗಿ ಹೊಡೆಯುವುದನ್ನೇ ಕಡಿಮೆ ಮಾಡುವುದು, ಕಳೆ ಕೊಚ್ಚುವ ಯಂತ್ರಕ್ಕೆ ಖರ್ಚು ಮಾಡುವುದು ಮೊದಲ ದಾರಿ. ಹೊಡೆಯಲೇಬೇಕಾದ ದಿನ ಕೈಗವಸು, ಸೋರದ ಪಂಪು, ತೋಟದಲ್ಲೇ ಸ್ನಾನಕ್ಕೆ ಸೋಪು ನೀರು, ಬಟ್ಟೆ ಅಲ್ಲೇ ಒಗೆಯುವ ಏರ್ಪಾಡು ಇರಲಿ. ಇವು ಔಷಧಿಯ ಬೆಲೆಯೊಳಗೆ ಸೇರಬೇಕಾದ ಖರ್ಚು.

ಮತ್ತು ನಮಗೆ ಬೇಕಾದದ್ದು, ಸಿಂಪಡಣೆಯ ಲೆಕ್ಕ ಬರೆದಿಡುವ ಒಂದು ಪುಸ್ತಕ. ನಮ್ಮ ರಾಜ್ಯದಲ್ಲಿ ‘ಫ್ರೂಟ್ಸ್’ ತಂತ್ರಾಂಶದಲ್ಲಿ ರೈತರ ಹೆಸರು, ಜಮೀನಿನ ಸರ್ವೆ ನಂಬರು ಈಗಾಗಲೇ ಇವೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆ. ಯಾವ ಜಮೀನಿಗೆ ಯಾವ ದಿನ ಯಾವ ಔಷಧಿ ಎಷ್ಟು ಹೋಯಿತು ಎಂದು ಕ್ಯಾಲಿಫೋರ್ನಿಯಾ ಬರೆದುಕೊಳ್ಳುವ ಹಾಗೆ ನಾವೂ ಬರೆದುಕೊಳ್ಳಲು ತಡೆ ಏನಿಲ್ಲ. ಆದರೆ ಜಮೀನಿನ ದಾಖಲೆಯಲ್ಲಿ ಇರುವುದು ಜಮೀನು ಇರುವವರ ಹೆಸರು. ಪಂಪು ಹೊರುವವರಿಗೆ ಜಮೀನು ಇಲ್ಲ. ಕೊಡಗಿನ ಲೈನ್ ಮನೆಗಳಲ್ಲಿ ಇಂದು ಅಸ್ಸಾಮಿನಿಂದ, ಝಾರ್ಖಂಡಿನಿಂದ ಬಂದ ಹುಡುಗರಿದ್ದಾರೆ. ನಾಲ್ಕು ವರ್ಷ ಕಳೆ ಔಷಧಿ ಹೊಡೆದು ಊರಿಗೆ ಮರಳುತ್ತಾರೆ. ಅವರಲ್ಲೊಬ್ಬರಿಗೆ 2050ರ ಸುಮಾರಿಗೆ ಕೈ ನಡುಗಿದರೆ ಅಲ್ಲಿಯ ವೈದ್ಯರಿಗೆ ಕೊಡಗಿನ ತೋಟ ಹೇಗೆ ಗೊತ್ತಾಗಬೇಕು? ಆದ್ದರಿಂದ ಆ ಪುಸ್ತಕದಲ್ಲಿ ಮಾಲೀಕರ ಹೆಸರಿನ ಪಕ್ಕದಲ್ಲೇ ಸಿಂಪಡಿಸಿದವರ ಹೆಸರಿಗೂ, ಬೆರೆಸಿಕೊಟ್ಟವರ ಹೆಸರಿಗೂ ಕಲಂ ಬೇಕು. ಕೆಲಸ ಬಿಡುವ ದಿನ ಅದರ ನಕಲು ಅವರ ಕೈಗೆ ಸಿಗಬೇಕು. ಬೆಳೆಗಾರರ ಸಂಘಗಳು ಸರ್ಕಾರದ ಆದೇಶಕ್ಕೆ ಕಾಯದೆ ಈ ಹಂಗಾಮಿನಿಂದಲೇ ಇದನ್ನು ಶುರುಮಾಡಬಹುದು. ಅದಕ್ಕೆ ಬೇಕಾದ ನಮೂನೆಯನ್ನು ಕನ್ನಡದಲ್ಲೂ ಹಿಂದಿಯಲ್ಲೂ ಸಿದ್ಧಮಾಡಿಕೊಡಲು ನಾನು ಮತ್ತು ನನ್ನ ಕೆಲವು ವೈದ್ಯ ಗೆಳೆಯರು ತಯಾರಿದ್ದೇವೆ.